ಎರಡು ಲಕ್ಷ ಕಿಲೋಮೀಟರ್ ದಾಟಿದ ಕಾರು: ಉಳಿಸುವುದೋ, ಬದಲಿಸುವುದೋ

ಕರ್ನಾಟಕದ ಮಧ್ಯಮ ವರ್ಗದ ಮನೆಗಳಿಗೆ ಕಾರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಈ ಶತಮಾನದ ಮೊದಲ ಹದಿನೈದು ವರ್ಷಗಳಲ್ಲಿ. 2000ದಲ್ಲಿ ಬಿಡದಿಯ ಕಾರ್ಖಾನೆಯಿಂದ ಹೊರಬಂದ ಟೊಯೊಟಾ ಕ್ವಾಲಿಸ್, 2005ರಲ್ಲಿ ಅದರ ಜಾಗ ಹಿಡಿದ ಇನ್ನೋವಾ, ಅದೇ ವರ್ಷ ಮಾರುಕಟ್ಟೆಗೆ ಬಂದ ಮಾರುತಿ ಸ್ವಿಫ್ಟ್ ಮತ್ತು ಇವುಗಳ ಸಮಕಾಲೀನ ವಾಹನಗಳಲ್ಲಿ ಬಹಳಷ್ಟು ಇಂದಿಗೂ ಮೊದಲ ಮಾಲೀಕರ ಮನೆಯಲ್ಲೇ ಇವೆ. ಮದುವೆ, ಬಾಣಂತನ, ಧರ್ಮಸ್ಥಳದ ಹರಕೆ, ಮಕ್ಕಳ ಕಾಲೇಜು ಎಂದು ಓಡಿ ಎರಡು ಲಕ್ಷ ಕಿಲೋಮೀಟರ್ ದಾಟಿರುವ ಈ ವಾಹನಗಳು ಈಗ ನೋಂದಣಿಯ ಹದಿನೈದು ವರ್ಷವನ್ನೂ ದಾಟುತ್ತಿರುವುದರಿಂದ, ಇವನ್ನು ಇನ್ನೂ ಉಳಿಸಿಕೊಳ್ಳಬೇಕೆ ಅಥವಾ ಕೊಟ್ಟು ಹೊಸದನ್ನು ತರಬೇಕೆ ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಒಟ್ಟಿಗೇ ಎದ್ದಿದೆ. ಈ ತೀರ್ಮಾನ ಸಾಮಾನ್ಯವಾಗಿ ಎರಡು ದಾರಿಯಲ್ಲಿ ತಪ್ಪುತ್ತದೆ: ಓಡೋಮೀಟರಿನ ಅಂಕಿಗೆ ಹೆದರಿ ಗಟ್ಟಿಯಾದ ವಾಹನವನ್ನು ಬಿಟ್ಟುಕೊಡುವುದು ಒಂದು, ಈಗಾಗಲೇ ಸುರಿದ ಹಣದ ಮೋಹಕ್ಕೆ ಸಿಕ್ಕಿ ಆಯುಷ್ಯ ಮುಗಿದ ವಾಹನಕ್ಕೆ ಮತ್ತೆ ಮತ್ತೆ ಖರ್ಚು ಮಾಡುವುದು ಇನ್ನೊಂದು.

ಓಡಿದ ದೂರ ವಾಹನದ ಸ್ಥಿತಿಯ ಬಗ್ಗೆ ಹೇಳುವುದು ಸ್ವಲ್ಪವೇ. ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲಿ ಬಿಸಿಯಾದ ಎಂಜಿನ್ ಒಂದೇ ಗೇರಿನಲ್ಲಿ, ಒಂದೇ ವೇಗದಲ್ಲಿ ನಾಲ್ಕು ನೂರು ಕಿಲೋಮೀಟರ್ ಓಡುವುದಕ್ಕೂ, ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆಗೆ ದಿನವೂ ಕ್ಲಚ್ ಒತ್ತಿ ಬಿಟ್ಟು ತೆವಳುತ್ತ ಅಷ್ಟೇ ದೂರವನ್ನು ಎರಡು ವಾರದಲ್ಲಿ ಕ್ರಮಿಸುವುದಕ್ಕೂ ಅಜಗಜಾಂತರವಿದೆ. ಎರಡನೆಯದರಲ್ಲಿ ಎಂಜಿನ್ ತಿರುಗುವ ಗಂಟೆಗಳು ಹಲವು ಪಟ್ಟು ಹೆಚ್ಚು. ತಣ್ಣಗಿನ ಎಂಜಿನ್ನನ್ನು ಚಾಲೂ ಮಾಡುವ ಸಂದರ್ಭಗಳೂ ಹೆಚ್ಚು. ಎಣ್ಣೆ ಇನ್ನೂ ಎಲ್ಲ ಕಡೆ ಹರಿಯದ ಆ ಮೊದಲ ಕ್ಷಣಗಳಲ್ಲಿ ಸವೆತ ವಿಶೇಷವಾಗಿ ಹೆಚ್ಚಾಗಿರುವುದರಿಂದ, ಹೆದ್ದಾರಿಯಲ್ಲಿ ಎರಡು ಲಕ್ಷ ಓಡಿದ ಕಾರು ನಗರದಲ್ಲಿ ಎಂಬತ್ತು ಸಾವಿರ ಓಡಿದ ಕಾರಿಗಿಂತ ಗಟ್ಟಿಯಾಗಿರುವುದು ಅಪರೂಪವೇನಲ್ಲ. ಆದ್ದರಿಂದ ಓಡೋಮೀಟರಿಗಿಂತ ಹೆಚ್ಚು ಬೆಲೆಯುಳ್ಳ ದಾಖಲೆಯೆಂದರೆ ಎಣ್ಣೆ ಬದಲಿಸಿದ ದಿನಾಂಕಗಳು ಸಾಲಾಗಿ ನಮೂದಾಗಿರುವ ಸರ್ವಿಸ್ ಪುಸ್ತಕ.

ಪರೀಕ್ಷೆಗೆ ತೊಡಗುವ ಮೊದಲು ಸವೆಯಲೆಂದೇ ಇರುವ ಭಾಗಗಳನ್ನೂ ವಾಹನದ ಆಯುಷ್ಯವನ್ನು ನಿರ್ಧರಿಸುವ ಭಾಗಗಳನ್ನೂ ಬೇರ್ಪಡಿಸಿಕೊಳ್ಳಬೇಕು. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಷಾಕ್ ಅಬ್ಸಾರ್ಬರ್, ಸಸ್ಪೆನ್ಷನ್ನಿನ ಬುಷ್, ಬ್ಯಾಟರಿ ಇವೆಲ್ಲ ಮೊದಲನೆಯ ಗುಂಪಿನವು. ಇವು ಒಟ್ಟಿಗೇ ಕೈಕೊಟ್ಟಾಗ ಬಿಲ್ಲು ದೊಡ್ಡದಾಗಿ ಕಂಡರೂ, ಬದಲಿಸಿದ ಮೇಲೆ ಮತ್ತೆ ಹಲವು ವರ್ಷ ಆ ಕಡೆ ನೋಡಬೇಕಾಗಿಲ್ಲ. ಎಂಜಿನ್ನಿನ ಒಳಗಿನ ಸಿಲಿಂಡರು ಮತ್ತು ಪಿಸ್ಟನ್ ರಿಂಗುಗಳು, ಗೇರ್‌ಬಾಕ್ಸ್, ವಾಹನದ ಭಾರ ಹೊರುವ ಚಾಸಿ ಅಥವಾ ಬಾಡಿಯ ಅಡಿಭಾಗ ಇವು ಎರಡನೆಯ ಗುಂಪಿನವು. ತೀರ್ಮಾನ ನಿಲ್ಲಬೇಕಾದದ್ದು ಇವುಗಳ ಮೇಲೆ.

ಎಂಜಿನ್ನಿನ ಸ್ಥಿತಿಯನ್ನು ಅರಿಯಲು ಪ್ರಶಸ್ತ ಸಮಯ ಬೆಳಗಿನ ಮೊದಲ ಚಾಲನೆ. ರಾತ್ರಿಯಿಡೀ ನಿಂತ ವಾಹನವನ್ನು ಚಾಲೂ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಛಾಯೆಯ ಹೊಗೆ ಬಂದು, ಬಿಸಿಯಾದ ಮೇಲೂ ಅದು ನಿಲ್ಲದಿದ್ದರೆ ಎಂಜಿನ್ ಎಣ್ಣೆ ಸುಡುತ್ತಿದೆ ಎಂದರ್ಥ. ಬಿಸಿಯಾದ ಮೇಲೂ ದಟ್ಟವಾದ ಬಿಳಿ ಹೊಗೆ ಹೋಗುತ್ತಿದ್ದು ರೇಡಿಯೇಟರಿನ ಕೂಲಂಟ್ ದಿನೇ ದಿನೇ ಇಳಿಯುತ್ತಿದ್ದರೆ ಸಿಲಿಂಡರ್ ಹೆಡ್ಡಿನ ಗ್ಯಾಸ್ಕೆಟ್, ಅಂದರೆ ಎಂಜಿನ್ನಿನ ಎರಡು ಭಾಗಗಳ ನಡುವೆ ಸೋರದಂತೆ ತಡೆಯುವ ಪದರ, ಕೆಟ್ಟಿರುವ ಶಂಕೆ ಪಡಬೇಕು. ಬಳಿಕ ಎಂಜಿನ್ ನಿಧಾನಗತಿಯಲ್ಲಿ ತಿರುಗುತ್ತಿರುವಾಗಲೇ ಎಣ್ಣೆ ಸುರಿಯುವ ಬಾಯಿಯ ಮುಚ್ಚಳವನ್ನು ಎಚ್ಚರದಿಂದ ಸಡಿಲಿಸಿ, ತೆಗೆಯದೆ ಅಲ್ಲಿಯೇ ಕೂರಿಸಿದರೆ, ಒಳ್ಳೆಯ ಎಂಜಿನ್ನಿನಲ್ಲಿ ಅದು ಸ್ವಲ್ಪ ನಡುಗುತ್ತದೆಯಷ್ಟೆ. ಸವೆದ ಎಂಜಿನ್ನಿನಲ್ಲಿ ಮುಚ್ಚಳ ಕುಣಿಯತೊಡಗಿ, ಅದರ ಅಂಚಿನಿಂದ ಬಿಸಿ ಹೊಗೆ ಬುಸುಬುಸು ಎಂದು ಹೊರಬೀಳುತ್ತದೆ. ಉರಿಯುವ ಅನಿಲ ರಿಂಗುಗಳನ್ನು ದಾಟಿ ಕೆಳಗಿನ ಎಣ್ಣೆಯ ಕೋಣೆಗೆ ನುಗ್ಗುತ್ತಿರುವುದರ ಗುರುತು ಅದು. ಅನುಭವವುಳ್ಳ ಮೆಕ್ಯಾನಿಕ್ ಇದನ್ನು ಕಂಡೊಡನೆ ಕಂಪ್ರೆಷನ್ ಪರೀಕ್ಷೆಗೆ ಹೇಳುತ್ತಾನೆ. ಪ್ರತಿ ಸಿಲಿಂಡರು ಗಾಳಿಯನ್ನು ಎಷ್ಟು ಒತ್ತಡಕ್ಕೆ ಏರಿಸಬಲ್ಲದು ಎಂಬುದನ್ನು ಅಳೆಯುವ ಆ ಪರೀಕ್ಷೆಯ ಖರ್ಚು, ತಪ್ಪು ತೀರ್ಮಾನದ ನಷ್ಟದ ಮುಂದೆ ಏನೂ ಅಲ್ಲ. ಟೈಮಿಂಗ್ ಬೆಲ್ಟಿನ ವಿಚಾರವನ್ನೂ ಇಲ್ಲೇ ಹೇಳಬೇಕು. ಕವಾಟಗಳು ಮತ್ತು ಪಿಸ್ಟನ್ನುಗಳು ಲಯ ತಪ್ಪದೆ ಚಲಿಸುವಂತೆ ಬಿಗಿದಿಡುವ ಈ ರಬ್ಬರಿನ ಪಟ್ಟಿ ಮೊದಲ ತಲೆಮಾರಿನ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿದೆ; ಸ್ವಿಫ್ಟ್‌ನಂಥ ಕಾರುಗಳಲ್ಲಿದ್ದ ಫಿಯೆಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿ ಅದರ ಬದಲು ಲೋಹದ ಚೈನ್ ಇದೆ. ಬೆಲ್ಟನ್ನು ಹೇಳಿದ ಅವಧಿಗೆ ಬದಲಿಸದೆ ಬಿಟ್ಟರೆ ಅದು ಓಡುತ್ತಿರುವಾಗಲೇ ಹರಿದು, ಇನ್ನೂ ವರ್ಷಗಟ್ಟಲೆ ಬಾಳಬೇಕಿದ್ದ ಎಂಜಿನ್ ಒಂದೇ ಗಳಿಗೆಯಲ್ಲಿ ಹಾಳಾಗಬಹುದು.

ಆದರೆ ಕರಾವಳಿ ಮತ್ತು ಮಲೆನಾಡಿನ ವಾಹನಗಳಿಗೆ ಎಂಜಿನ್ನಿಗಿಂತ ಮೊದಲು ಬರುವ ಅಂತ್ಯ ತುಕ್ಕಿನದು. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿ ನಿಲ್ಲುವ, ನಾಲ್ಕು ತಿಂಗಳ ಮಳೆಯಲ್ಲಿ ಕೆಸರು ಮೆತ್ತಿಸಿಕೊಳ್ಳುವ ಕಾರಿನ ಹೊರಮೈ ಬಣ್ಣದಿಂದ ಹೊಳೆಯುತ್ತಿದ್ದರೂ, ಬಾಗಿಲಿನ ಕೆಳಗಿನ ಅಂಚು, ಚಕ್ರದ ಮೇಲಿನ ಕಮಾನು, ಷಾಕ್ ಅಬ್ಸಾರ್ಬರ್ ಬಿಗಿಯುವ ಜಾಗ, ಕಾಲಡಿಯ ತಗಡು ಇವು ಒಳಗಿನಿಂದಲೇ ತಿಂದುಹೋಗಿರಬಹುದು. ವಾಹನವನ್ನು ಲಿಫ್ಟಿನ ಮೇಲೇರಿಸಿ ಸ್ಕ್ರೂಡ್ರೈವರಿನ ಹಿಡಿಯಿಂದ ಈ ಜಾಗಗಳನ್ನು ತಟ್ಟಿದಾಗ ಗಟ್ಟಿ ಲೋಹ ಠಣ್ ಎನ್ನುತ್ತದೆ, ತುಕ್ಕು ತಿಂದ ಲೋಹ ಮಂಕಾಗಿ ಸದ್ದು ಮಾಡಿ ಪುಡಿ ಉದುರಿಸುತ್ತದೆ. ಬಾಗಿಲಿನ ತಗಡಿಗೆ ಟಿಂಕರಿಂಗ್ ಮಾಡಿಸಿ ತೇಪೆ ಹಾಕಿಸಬಹುದು. ಭಾರ ಹೊರುವ ಭಾಗಕ್ಕೆ ತುಕ್ಕು ತಗುಲಿದ್ದರೆ ಮಾತ್ರ, ಎಂಜಿನ್ ಎಷ್ಟೇ ಚೆನ್ನಾಗಿರಲಿ, ಆ ಕಾರಿನ ಕಾಲ ಮುಗಿಯಿತೆಂದೇ ತಿಳಿಯಬೇಕು; ಅಪಘಾತದಲ್ಲಿ ಒಳಗಿನವರನ್ನು ಕಾಯಬೇಕಾದದ್ದು ಆ ಲೋಹವೇ.

ಸುರಕ್ಷತೆಯ ಪ್ರಶ್ನೆ ಖರ್ಚಿನ ಲೆಕ್ಕದ ಹೊರಗೇ ನಿಲ್ಲುತ್ತದೆ. ಭಾರತದಲ್ಲಿ ಚಾಲಕನ ಏರ್‌ಬ್ಯಾಗ್ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. ಅದಕ್ಕೂ ಹಿಂದಿನ ಅನೇಕ ಕಾರುಗಳ ಅಗ್ಗದ ಮಾದರಿಗಳಲ್ಲಿ ಏರ್‌ಬ್ಯಾಗ್ ಆಗಲಿ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ಎಬಿಎಸ್ ಆಗಲಿ ಇಲ್ಲ. ಇವನ್ನು ಗ್ಯಾರೇಜಿನಲ್ಲಿ ಆಮೇಲೆ ಅಳವಡಿಸುವುದು ಕಾರ್ಯಸಾಧ್ಯವೂ ಅಲ್ಲ. ಮಕ್ಕಳನ್ನೂ ವಯಸ್ಸಾದವರನ್ನೂ ಕೂರಿಸಿಕೊಂಡು ರಾತ್ರಿ ಹೆದ್ದಾರಿಯಲ್ಲಿ ಪದೇ ಪದೇ ಓಡಾಡುವ ಕುಟುಂಬವೊಂದು ಇಂಥ ಕಾರನ್ನು ಬದಲಿಸಲು ಇದೊಂದೇ ಕಾರಣ ಸಾಕು, ರಿಪೇರಿಯ ಖರ್ಚು ಎಷ್ಟೇ ಕಡಿಮೆಯಿದ್ದರೂ ಸಾಕು. ಅದೇ ಕಾರು ಊರೊಳಗೆ ಮಾರುಕಟ್ಟೆಗೂ ಆಸ್ಪತ್ರೆಗೂ ಮಾತ್ರ ಹೋಗಿ ಬರುವುದಾದರೆ ವಾದದ ತೂಕ ಕಡಿಮೆಯಾಗುತ್ತದೆ. ಉಳಿಸಿಕೊಂಡವರು ಟೈರಿನ ವಯಸ್ಸನ್ನಾದರೂ ನೋಡಬೇಕು: ಅದರ ಪಕ್ಕೆಯ ಮೇಲೆ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2317 ಎಂದಿದ್ದರೆ ಅದು 2017ರ ಇಪ್ಪತ್ತಮೂರನೆಯ ವಾರದ ಟೈರು. ಗೀರುಗಳು ಎಷ್ಟೇ ಆಳವಾಗಿ ಉಳಿದಿರಲಿ, ಆ ರಬ್ಬರು ಹೆದ್ದಾರಿಗೆ ತಕ್ಕುದಲ್ಲ.

ಹಣದ ಲೆಕ್ಕಕ್ಕೆ ಬಂದರೆ, ರಿಪೇರಿ ಖರ್ಚು ಕಾರಿನ ಮಾರಾಟ ಬೆಲೆಯ ಅರ್ಧವನ್ನು ಮೀರಿದರೆ ಕೊಟ್ಟುಬಿಡಬೇಕು ಎಂಬ ಮಾತು ಗ್ಯಾರೇಜುಗಳಲ್ಲೂ ಮನೆಗಳಲ್ಲೂ ಚಾಲ್ತಿಯಲ್ಲಿದೆ. ಈ ಸೂತ್ರ ದಾರಿ ತಪ್ಪಿಸುತ್ತದೆ, ಏಕೆಂದರೆ ಹಳೆಯ ಕಾರಿನ ಮಾರಾಟ ಬೆಲೆಗೂ ಅದು ಮನೆಗೆ ಸಲ್ಲಿಸುವ ಸೇವೆಗೂ ಸಂಬಂಧವಿಲ್ಲ. ಹಿಂದೆ ಮಾಡಿದ ಖರ್ಚು ಯಾವ ದಾರಿ ಹಿಡಿದರೂ ಮರಳಿ ಬರುವುದಿಲ್ಲವಾದ್ದರಿಂದ ಅದನ್ನೂ ಲೆಕ್ಕದಿಂದ ಹೊರಗಿಟ್ಟು, ಮುಂದಿನ ವರ್ಷಗಳಲ್ಲಿ ಹಳೆಯದಕ್ಕೆ ತಗಲುವ ವೆಚ್ಚವನ್ನು ಹೊಸದಕ್ಕೆ ತಗಲುವ ವೆಚ್ಚದೊಂದಿಗೆ ಹೋಲಿಸುವುದೇ ಸರಿಯಾದ ಕ್ರಮ. ಉದಾಹರಣೆಗೆ 12 ಲಕ್ಷ ರೂಪಾಯಿ ಎಕ್ಸ್-ಷೋರೂಂ ಬೆಲೆಯ ಕಾರೊಂದನ್ನು ಊಹಿಸಿಕೊಳ್ಳಬಹುದು. ವಿಮೆಗೆ ಕಾರಿನ ಮೌಲ್ಯ ಕಟ್ಟುವ ಪ್ರಚಲಿತ ಪಟ್ಟಿಯಲ್ಲಿ ನಾಲ್ಕು ವರ್ಷ ದಾಟಿದ ಕಾರಿನ ಬೆಲೆಯಲ್ಲಿ ಶೇ 50ರಷ್ಟನ್ನು ಸವಕಳಿಯೆಂದು ಕಳೆಯಲಾಗುತ್ತದೆ. ಅಂದರೆ ಐದು ವರ್ಷಕ್ಕೆ 6 ಲಕ್ಷ ಕರಗಿತು. ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ಹೆಚ್ಚಿನವುಗಳಲ್ಲಿ ಒಂದು. 12 ಲಕ್ಷದ ಈ ಕಾರಿಗೆ ಅದು ಶೇ 17, ಸೆಸ್ ಬೇರೆ. ಸುಮಾರು 2 ಲಕ್ಷದ ಈ ಮೊತ್ತ ಮೊದಲ ದಿನವೇ ಹೋಗುತ್ತದೆ. 8 ಲಕ್ಷವನ್ನು ಶೇ 9ರ ಬಡ್ಡಿಗೆ ಐದು ವರ್ಷದ ಸಾಲವಾಗಿ ಪಡೆದರೆ ಬಡ್ಡಿಯೇ 2 ಲಕ್ಷದ ಹತ್ತಿರ ಬರುತ್ತದೆ. ಇಂಧನ, ಸರ್ವಿಸ್, ವಿಮೆ ಸೇರಿಸುವ ಮೊದಲೇ ಆ ಕಾರು ವರ್ಷಕ್ಕೆ 2 ಲಕ್ಷ ತಿನ್ನುತ್ತದೆ. ಹಳೆಯ ಕಾರಿಗೆ ಕ್ಲಚ್, ಸಸ್ಪೆನ್ಷನ್, ಟೈರು ಎಂದು ಎರಡು ವರ್ಷಗಳಲ್ಲಿ 1 ಲಕ್ಷದ 20 ಸಾವಿರ ಹಾಕಬೇಕಾಗಿ ಬಂದರೂ ವರ್ಷದ ಲೆಕ್ಕ 60 ಸಾವಿರ. 2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದ ಮೇಲೆ ಈ ಅಂತರ ಕೊಂಚ ಕಿರಿದಾಗಿದೆಯಾದರೂ ಮುಚ್ಚಿಹೋಗಿಲ್ಲ. ಲೆಕ್ಕ ತಿರುಗಿ ಬೀಳುವುದು ಖರ್ಚು ಹೆಚ್ಚಾದಾಗಲ್ಲ, ಅಂದಾಜಿಗೆ ಸಿಗದಂತಾದಾಗ. ಯಾವ ದಿನ ಶಿರಾಡಿ ಘಾಟಿಯಲ್ಲಿ ನಿಂತುಬಿಡುತ್ತದೋ ಎಂಬ ಭಯದಲ್ಲಿ ದೂರದ ಪ್ರಯಾಣಕ್ಕೆ ಟ್ಯಾಕ್ಸಿ ಮಾಡುವ ಅಭ್ಯಾಸ ಮನೆಯವರಿಗೆ ಬಂದಿದ್ದರೆ, ಆ ಬಾಡಿಗೆಯನ್ನೂ ಹಳೆಯ ಕಾರಿನ ಖಾತೆಗೇ ಬರೆಯಬೇಕು.

ಕಾನೂನಿನ ಬಗ್ಗೆ ಹಬ್ಬಿರುವ ತಪ್ಪು ಕಲ್ಪನೆಯೊಂದನ್ನು ತಿದ್ದುವುದು ಅಗತ್ಯ. ಹತ್ತು ವರ್ಷ ಮೀರಿದ ಡೀಸೆಲ್ ಮತ್ತು ಹದಿನೈದು ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು. ಕರ್ನಾಟಕದ ಖಾಸಗಿ ಕಾರುಗಳಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಹದಿನೈದು ವರ್ಷಕ್ಕೆ ಆರ್‌ಸಿ ಅವಧಿ ಮುಗಿದಾಗ ಆರ್‌ಟಿಒ ಕಚೇರಿಯಲ್ಲಿ ವಾಹನವನ್ನು ತಪಾಸಣೆಗೆ ಒಡ್ಡಿ, ಹಸಿರು ತೆರಿಗೆ ಕಟ್ಟಿ, ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. 600 ರೂಪಾಯಿಯಿದ್ದ ನವೀಕರಣ ಶುಲ್ಕ ಕಾರುಗಳಿಗೆ 2022ರ ಏಪ್ರಿಲ್‌ನಿಂದ 5,000 ಆಗಿದೆ. ಇಪ್ಪತ್ತು ವರ್ಷ ದಾಟಿದವುಗಳಿಗೆ 2025ರಲ್ಲಿ 10,000ಕ್ಕೆ ಏರಿದೆ.

ಹಳೆಯ ಪೆಟ್ರೋಲ್ ಕಾರುಗಳಿಗೆ ಈಗ ಇನ್ನೊಂದು ಹೊರೆಯೂ ಸೇರಿದೆ. ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಎಲ್ಲ ಬಂಕುಗಳಿಗೂ ಬಂದಿರುವುದರಿಂದ, ಪೆಟ್ರೋಲಿಗಿಂತ ಮೂರನೆಯ ಒಂದು ಭಾಗದಷ್ಟು ಕಡಿಮೆ ಶಕ್ತಿಯುಳ್ಳ ಎಥೆನಾಲ್ ಮೈಲೇಜನ್ನು ಸ್ವಲ್ಪ ತಗ್ಗಿಸುತ್ತದೆ. ಅದಕ್ಕೆಂದು ತಯಾರಾಗದ ರಬ್ಬರು ಪೈಪು ಮತ್ತು ಗ್ಯಾಸ್ಕೆಟ್‌ಗಳು ಕಾಲಕ್ರಮೇಣ ಬಿರಿಯುವ ಸಂಭವವಿದೆ. ಕಾರನ್ನು ಉಳಿಸಿಕೊಳ್ಳುವವರು ಇಂಧನದ ಪೈಪುಗಳನ್ನು ಹೊಸ ಇಂಧನಕ್ಕೆ ಹೊಂದುವಂಥವುಗಳಿಂದ ಬದಲಿಸಿಕೊಳ್ಳುವುದು ಜಾಣತನ. ಡೀಸೆಲ್ ಕಾರಿನ ಮಾಲೀಕರ ಮುಂದಿರುವುದು ಬೇರೆಯೇ ಪ್ರಶ್ನೆ. ಬಿಎಸ್-3 ಮಾನದಂಡದ ಡೀಸೆಲ್ ಕಾರಿಗೆ ಕಿಲೋಮೀಟರಿಗೆ 0.05 ಗ್ರಾಂ ಮಸಿಯ ಕಣಗಳನ್ನು ಬಿಡಲು ಅವಕಾಶವಿತ್ತು, 2020ರ ಏಪ್ರಿಲ್‌ನಿಂದ ಜಾರಿಯಾದ ಬಿಎಸ್-6ರಲ್ಲಿ ಅದು 0.0045 ಗ್ರಾಂ. ಹತ್ತು ಪಟ್ಟಿಗೂ ಹೆಚ್ಚಿನ ಈ ವ್ಯತ್ಯಾಸ ಶಾಲೆಯ ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟು ಕಾಯುವ ವಾಹನದ ವಿಷಯದಲ್ಲಿ ನೇರವಾಗಿ ಮಕ್ಕಳ ಶ್ವಾಸಕೋಶಕ್ಕೆ ಸಂಬಂಧಿಸಿದ್ದು. ಆದರೆ ಆ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಶೋಧಕ ತನ್ನನ್ನು ತಾನು ಸುಟ್ಟು ಶುಚಿಮಾಡಿಕೊಳ್ಳಲು ಆಗಾಗ ದೀರ್ಘ ಓಟ ಬೇಡುತ್ತದೆ. ದಿನಕ್ಕೆ ಐದಾರು ಕಿಲೋಮೀಟರ್ ಮಾತ್ರ ಓಡಿಸುವವರು ಹಳೆಯ ಡೀಸೆಲ್ ಕೊಟ್ಟು ಹೊಸ ಡೀಸೆಲ್ ತಂದರೆ ಶೋಧಕ ಕಟ್ಟಿಕೊಂಡು ಗ್ಯಾರೇಜಿನ ದಾರಿ ಹಿಡಿಯಬೇಕಾಗುತ್ತದೆ. ಅವರಿಗೆ ಪೆಟ್ರೋಲ್ ಅಥವಾ ವಿದ್ಯುತ್ ಕಾರು ಹೊಂದುತ್ತದೆ.

ಕೊಡುವುದೆಂದು ನಿಶ್ಚಯಿಸಿದವರಿಗೆ ದಾರಿ ಎರಡು. ಓಡುವ ಸ್ಥಿತಿಯಲ್ಲಿದ್ದರೆ ಮಾರಾಟ. ತುಕ್ಕು ಹಿಡಿದು ಮುಗಿದಿದ್ದರೆ ಸರ್ಕಾರದಲ್ಲಿ ನೋಂದಾಯಿತವಾದ ಗುಜರಿ ಕೇಂದ್ರ. ಅಲ್ಲಿ ಕೊಡುವ ಠೇವಣಿ ಪ್ರಮಾಣಪತ್ರ ಹೊಸ ವಾಹನದ ತೆರಿಗೆಯಲ್ಲಿ ರಿಯಾಯಿತಿ ಪಡೆಯಲು ಆಧಾರವಾಗುತ್ತದೆ. ಬೀದಿಯ ಗುಜರಿಯವನಿಗೆ ಕೊಟ್ಟರೆ ಅದು ಸಿಗುವುದಿಲ್ಲ, ನೋಂದಣಿಯೂ ಮಾಲೀಕನ ಹೆಸರಿನಲ್ಲೇ ಉಳಿಯುತ್ತದೆ. ವಿಮೆಯಲ್ಲಿ ಪರಿಹಾರ ಕೇಳದೆ ಕಳೆದ ವರ್ಷಗಳಿಗಾಗಿ ಸಿಗುವ, ಶೇ 50ರವರೆಗೆ ಬೆಳೆಯುವ ನೋ ಕ್ಲೈಮ್ ಬೋನಸ್ ವಾಹನಕ್ಕಲ್ಲ, ಮಾಲೀಕನಿಗೆ ಸೇರಿದ್ದಾದ್ದರಿಂದ ಅದನ್ನು ಹೊಸ ಕಾರಿಗೆ ವರ್ಗಾಯಿಸಿಕೊಳ್ಳಲು ಮರೆಯಬಾರದು. ಮಾರುವವರು ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿ ಕೈತೊಳೆದುಕೊಳ್ಳುವ ರೂಢಿಯಂತೂ ಅಪಾಯಕಾರಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದೂ, ಕಾರು ಕೈಬದಲಾದ ಮೇಲೆ ಅಪಘಾತವಾದರೂ ಪರಿಹಾರದ ಹೊಣೆ ಅವರದೇ ಎಂದೂ ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿದೆ. ಹಾಗಾಗಿ ಕೊಂಡವರ ಹೆಸರು ಆರ್‌ಸಿಯಲ್ಲಿ ಬಂದಿದೆಯೆಂದು ಸಾರಿಗೆ ಇಲಾಖೆಯ ವಾಹನ್ ತಾಣದಲ್ಲಿ ಕಣ್ಣಾರೆ ನೋಡುವವರೆಗೂ ಮಾರಾಟ ಮುಗಿಯಿತೆಂದು ತಿಳಿಯುವಂತಿಲ್ಲ.