ಒಂದು ಅಗುಳು ಹಿಚುಕಿ ನೋಡಿದ್ದರೆ...
(ತಂತ್ರಾಂಶ ಬಿಡುಗಡೆ ಮಾಡುವವರಿಗೆ ಸಂಭವನೀಯತೆಯ ಪಾಠ)

2024ರ ಜುಲೈ 19, ಶುಕ್ರವಾರ. ಅಂದು ಬೆಂಗಳೂರು ಸೇರಿದಂತೆ ನಮ್ಮ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಉದ್ದುದ್ದ ಸಾಲುಗಳಲ್ಲಿ ನಿಂತಿದ್ದರು. ಗಣಕಗಳ ತೆರೆ ನೀಲಿಯಾಗಿ ನಿಂತುಬಿಟ್ಟಿತ್ತು. ಕೆಲವೆಡೆ ಸಿಬ್ಬಂದಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲೇ ಬರೆದುಕೊಟ್ಟರು. ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರಿಗೆ ರೋಗಿಗಳ ದಾಖಲೆಗಳನ್ನು ತೆರೆಯಲಾಗಲಿಲ್ಲ. ಅಮೆರಿಕದ ಕೆಲವು ಭಾಗಗಳಲ್ಲಿ ತುರ್ತು ಕರೆಯ ವ್ಯವಸ್ಥೆಯೇ ಕೆಟ್ಟಿತು. ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಒಮ್ಮೆಲೇ ಕುಸಿದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು.

ಇದು ಯಾವುದೋ ವೈರಸ್ಸಿನ ದಾಳಿಯೆಂದು ಹಲವರು ಮೊದಲು ಭಾವಿಸಿದ್ದರು. ಆದರೆ ಇದಕ್ಕೆ ಕಾರಣವಾದದ್ದು ದಾಳಿಯಿಂದ ರಕ್ಷಿಸಬೇಕಾಗಿದ್ದ ತಂತ್ರಾಂಶವೇ! ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಸಂಸ್ಥೆಯ 'ಫಾಲ್ಕನ್' ಎಂಬ ರಕ್ಷಣಾ ತಂತ್ರಾಂಶಕ್ಕೆ ಬಂದ ಒಂದು ಚಿಕ್ಕ ಕಡತ ಈ ಅನಾಹುತ ಮಾಡಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಇದು ಹೇಗೆ ಸಾಧ್ಯವಾಯಿತು? ತಡೆಯಬಹುದಾಗಿತ್ತೇ? ತಂತ್ರಾಂಶ ತಯಾರಿಸುವವರು ಇದರಿಂದ ಏನು ಕಲಿಯಬಹುದು? ಇವನ್ನು ಒಂದೊಂದಾಗಿ ನೋಡೋಣ.

ಇಪ್ಪತ್ತೊಂದನೆಯ ಪೆಟ್ಟಿಗೆ

ಗಣಕದಲ್ಲಿ ಕೆಲಸ ಮಾಡುವ ಕಾರ್ಯಕ್ರಮಗಳೆಲ್ಲ ಒಂದೇ ಅಂತಸ್ತಿನವಲ್ಲ. ನೀವು ಪತ್ರ ಬರೆಯುವ ತಂತ್ರಾಂಶ ಕೆಟ್ಟರೆ ಅದೊಂದೇ ಮುಚ್ಚಿಹೋಗುತ್ತದೆ, ಉಳಿದ ಕೆಲಸಗಳು ನಡೆಯುತ್ತಿರುತ್ತವೆ. ಆದರೆ ಕಾರ್ಯಾಚರಣ ವ್ಯವಸ್ಥೆಯ ತಿರುಳು ಎನ್ನಬಹುದಾದ 'ಕರ್ನೆಲ್' ಎಂಬ ಭಾಗವಿದೆ. ಅಲ್ಲಿ ತಪ್ಪಾದರೆ, ದತ್ತಾಂಶ ಹಾಳಾಗದಿರಲೆಂದು ವ್ಯವಸ್ಥೆ ಇಡೀ ಗಣಕವನ್ನೇ ನಿಲ್ಲಿಸಿಬಿಡುತ್ತದೆ. ನಾವು ಕಾಣುವ ನೀಲಿ ತೆರೆ ಅದೇ. ಕಳ್ಳ ಒಳನುಗ್ಗುವ ಮೊದಲೇ ಹಿಡಿಯಬೇಕೆಂಬ ಉದ್ದೇಶದಿಂದ ಫಾಲ್ಕನ್‌ನಂಥ ರಕ್ಷಣಾ ತಂತ್ರಾಂಶಗಳು ಈ ಕರ್ನೆಲ್‌ನಲ್ಲೇ ಕುಳಿತಿರುತ್ತವೆ.

ಕ್ರೌಡ್‌ಸ್ಟ್ರೈಕ್ ತನ್ನ ಬಳಕೆದಾರರಿಗೆ ಎರಡು ಬಗೆಯ ಸುಧಾರಣೆಗಳನ್ನು ಕಳಿಸುತ್ತಿತ್ತು. ಒಂದು, ತಂತ್ರಾಂಶದ ಹೊಸ ಆವೃತ್ತಿ. ಇದನ್ನು ಕೂಡಲೇ ಅಳವಡಿಸಬೇಕೇ, ಒಂದೆರಡು ಆವೃತ್ತಿ ಹಿಂದಿರಬೇಕೇ ಎಂದು ಗ್ರಾಹಕರೇ ನಿರ್ಧರಿಸಬಹುದಿತ್ತು. ಇನ್ನೊಂದು, ಹೊಸ ದಾಳಿಗಳ ಗುರುತುಗಳನ್ನು ಹೊತ್ತು ತರುವ ಕಡತಗಳು. ಇವು ಎಲ್ಲ ಗಣಕಗಳಿಗೂ ಒಟ್ಟಿಗೇ ಹೋಗುತ್ತಿದ್ದವು. ಗ್ರಾಹಕರಿಗೆ ಇಲ್ಲಿ ಆಯ್ಕೆ ಇರಲಿಲ್ಲ. ಜುಲೈ 19ರಂದು ತೊಂದರೆ ತಂದದ್ದು ಈ ಎರಡನೆಯ ಬಗೆಯ, 291ನೆಯ ಸಂಖ್ಯೆಯ ಕಡತ.

ದೋಷವನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಸಾಲಾಗಿ 20 ಪೆಟ್ಟಿಗೆಗಳಿವೆ. ಆದರೆ ಕೆಲಸದಾಳಿಗೆ ಕೊಟ್ಟ ಪಟ್ಟಿಯಲ್ಲಿ 21 ಪೆಟ್ಟಿಗೆಗಳನ್ನು ಪರೀಕ್ಷಿಸಬೇಕೆಂದು ಬರೆದಿದೆ. ಅಲ್ಲಿಯವರೆಗೆ ಕಳಿಸಿದ್ದ ಎಲ್ಲ ಕಡತಗಳಲ್ಲೂ 21ನೆಯದರ ಮುಂದೆ 'ಏನಿದ್ದರೂ ಸರಿ' ಎಂಬ ಸೂಚನೆ ಇತ್ತು. ಏನಿದ್ದರೂ ಸರಿ ಎಂದಮೇಲೆ ಅದನ್ನು ತೆರೆದು ನೋಡುವ ಪ್ರಮೇಯವೇ ಬರಲಿಲ್ಲ. ಹಾಗಾಗಿ ದೋಷ ತಿಂಗಳುಗಟ್ಟಲೆ ಅಡಗಿಕೊಂಡಿತ್ತು. ಅಂದು ಕಳಿಸಿದ ಕಡತದಲ್ಲಿ ಮಾತ್ರ 21ನೆಯದರಲ್ಲಿ ನಿರ್ದಿಷ್ಟವಾಗಿ ಇಂಥದೇ ಇರಬೇಕು ಎಂಬ ನಿಬಂಧನೆ ಇತ್ತು. ಇಲ್ಲದ ಪೆಟ್ಟಿಗೆಗೆ ಕೈಹಾಕಿದ ತಂತ್ರಾಂಶ ತನಗೆ ಸೇರದ ಸ್ಮೃತಿಯನ್ನು ಓದಲು ಹೋಯಿತು. ಗಣಕ ಕುಸಿಯಿತು.

ಕಡತ ಹೊರಟದ್ದು ಭಾರತೀಯ ಕಾಲಮಾನದಂತೆ ಬೆಳಗ್ಗೆ 9 ಗಂಟೆ 39 ನಿಮಿಷಕ್ಕೆ. ಅದನ್ನು ಹಿಂತೆಗೆದುಕೊಂಡದ್ದು 10 ಗಂಟೆ 57 ನಿಮಿಷಕ್ಕೆ. ಒಟ್ಟು 78 ನಿಮಿಷ. ಆದರೆ ಅಷ್ಟರಲ್ಲಿ ಕುಸಿದಿದ್ದ ಗಣಕಗಳು ಮತ್ತೆ ಚಾಲೂ ಮಾಡಿದೊಡನೆ ಅದೇ ಕಡತವನ್ನು ಓದಿ ಮತ್ತೆ ಕುಸಿಯುತ್ತಿದ್ದವು. ದೂರದಿಂದ ಸರಿಪಡಿಸುವುದು ಬಹುಪಾಲು ಕಡೆ ಸಾಧ್ಯವಾಗಲಿಲ್ಲ. ತಂತ್ರಜ್ಞರು ಒಂದೊಂದೇ ಗಣಕದ ಮುಂದೆ ಕುಳಿತು ಆ ಕಡತವನ್ನು ಅಳಿಸಬೇಕಾಯಿತು. ಡಿಸ್ಕ್ ಗೂಢಲಿಪಿಯಲ್ಲಿದ್ದ ಕಡೆ 48 ಅಂಕಿಗಳ ಕೀಲಿಸಂಖ್ಯೆಯನ್ನೂ ಹುಡುಕಿ ಒತ್ತಬೇಕಿತ್ತು. ಡೆಲ್ಟಾ ವಿಮಾನ ಸಂಸ್ಥೆಯೊಂದೇ ಐದು ದಿನಗಳಲ್ಲಿ ಸುಮಾರು 7,000 ವಿಮಾನಯಾನಗಳನ್ನು ರದ್ದುಮಾಡಿತು.

ಅನ್ನ ಬೆಂದಿದೆಯೇ?

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕಿದರೆ ಸಾಕು ಎಂಬ ಮಾತು ನಮ್ಮಲ್ಲಿದೆ. ಇದರ ಹಿಂದೆ ಗಣಿತವಿದೆ.

ಒಂದು ದೋಷ ಪ್ರತಿ 1,000 ಗಣಕಗಳಲ್ಲಿ ಒಂದರಲ್ಲಿ ಮಾತ್ರ ಪ್ರಕಟವಾಗುತ್ತದೆ ಎಂದುಕೊಳ್ಳಿ. ಯಾದೃಚ್ಛಿಕವಾಗಿ ಆಯ್ದ ಒಂದು ಗಣಕ ಸರಿಯಾಗಿ ನಡೆಯುವ ಸಂಭವನೀಯತೆ 0.999. ನೂರು ಗಣಕಗಳೂ ಸರಿಯಾಗಿ ನಡೆಯಬೇಕಾದರೆ 0.999 ಅನ್ನು ನೂರು ಬಾರಿ ಗುಣಿಸಬೇಕು. ಉತ್ತರ ಸುಮಾರು 0.905. ಅಂದರೆ ನೂರು ಗಣಕಗಳಲ್ಲಿ ಪರೀಕ್ಷಿಸಿದರೂ ದೋಷ ಸಿಕ್ಕಿಬೀಳುವ ಸಾಧ್ಯತೆ ಶೇಕಡಾ 10ರಷ್ಟೂ ಇಲ್ಲ! ಸಾವಿರ ಗಣಕಗಳಲ್ಲಿ ಪರೀಕ್ಷಿಸಿದರೆ ಈ ಸಾಧ್ಯತೆ ಶೇಕಡಾ 63ಕ್ಕೆ ಏರುತ್ತದೆ. ಮೂರು ಸಾವಿರದಲ್ಲಿ ಶೇಕಡಾ 95.

ಇದರಿಂದ ನೆನಪಿಡಲು ಸುಲಭವಾದ ಸೂತ್ರವೊಂದು ದೊರೆಯುತ್ತದೆ. ಸಂಖ್ಯಾಶಾಸ್ತ್ರಜ್ಞರು ಇದನ್ನು 'ಮೂರರ ನಿಯಮ' ಎನ್ನುತ್ತಾರೆ. ಒಂದಷ್ಟು ಗಣಕಗಳಲ್ಲಿ ಪರೀಕ್ಷಿಸಿ, ಒಂದರಲ್ಲೂ ದೋಷ ಕಾಣಲಿಲ್ಲ ಎನ್ನೋಣ. 3 ಅನ್ನು ಆ ಗಣಕಗಳ ಸಂಖ್ಯೆಯಿಂದ ಭಾಗಿಸಿ. ದೋಷದ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ಶೇಕಡಾ 95ರಷ್ಟು ಭರವಸೆಯಿಂದ ಹೇಳಬಹುದು. 300 ಗಣಕಗಳಲ್ಲಿ ಎಲ್ಲವೂ ಸರಿಯಿದ್ದರೆ, ನಿಮಗೆ ತಿಳಿದಿರುವುದು ದೋಷದ ಪ್ರಮಾಣ ಶೇಕಡಾ 1ಕ್ಕಿಂತ ಕಡಿಮೆ ಎಂಬುದಷ್ಟೆ. ದೋಷವೇ ಇಲ್ಲ ಎಂದಲ್ಲ.

ಈಗ ಜುಲೈ 19ರ ಘಟನೆಗೆ ಬನ್ನಿ. ಆ ದೋಷ ಸಾವಿರಕ್ಕೊಂದು ಬಗೆಯದಲ್ಲ. ಹೊಸ ಆವೃತ್ತಿಯ ಫಾಲ್ಕನ್ ಇದ್ದು, ಕಡತವನ್ನು ಪಡೆದ ವಿಂಡೋಸ್ ಗಣಕ ಕುಸಿಯುವುದು ಹೆಚ್ಚುಕಡಿಮೆ ಖಚಿತವಾಗಿತ್ತು. ಸಂಭವನೀಯತೆ ಒಂದಕ್ಕೆ ಹತ್ತಿರ. ಮೂರು ಸಾವಿರ ಅಗುಳು ಬೇಡ, ಒಂದೇ ಅಗುಳು ಹಿಚುಕಿದ್ದರೆ ಸಾಕಿತ್ತು. ನಿಜವಾದ ಒಂದು ಗಣಕದಲ್ಲಿ ಆ ಕಡತವನ್ನು ಮೊದಲು ಇರಿಸಿ ನೋಡಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಹಾಗಾದರೆ ಏಕೆ ನೋಡಲಿಲ್ಲ? ಸಂಸ್ಥೆ ತಾನೇ ಪ್ರಕಟಿಸಿದ ವರದಿಯಲ್ಲಿ ಉತ್ತರವಿದೆ. ಈ ಬಗೆಯ ಕಡತಗಳ ಮಾದರಿಯನ್ನು ಮಾರ್ಚ್ 5ರಂದು ಪರೀಕ್ಷಿಸಲಾಗಿತ್ತು. ಆಮೇಲೆ ಕಳಿಸಿದ ಕಡತಗಳೆಲ್ಲ ಯಶಸ್ವಿಯಾಗಿದ್ದವು. ಹೊಸ ಕಡತವನ್ನು ತಪಾಸಣೆ ಮಾಡುವ ಇನ್ನೊಂದು ಕಾರ್ಯಕ್ರಮವೂ ಇತ್ತು. ಅದರಲ್ಲೇ ದೋಷವಿದ್ದು, ಅದು 'ಸರಿಯಿದೆ' ಎಂದಿತು. ಹಿಂದಿನ ಯಶಸ್ಸನ್ನು ನಂಬಿ ಮುಂದಿನದನ್ನು ಕಳಿಸಲಾಯಿತು.

ಹಂತ ಹಂತವಾಗಿ

ಹಿಂದೆ ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಕ್ಯಾನರಿ ಹಕ್ಕಿಗಳನ್ನು ಪಂಜರದಲ್ಲಿರಿಸಿ ಒಯ್ಯುತ್ತಿದ್ದರು. ವಿಷಕಾರಿ ಕಾರ್ಬನ್ ಮಾನಾಕ್ಸೈಡ್ ಅನಿಲದ ಪರಿಣಾಮ ಮನುಷ್ಯನಿಗಿಂತ ಬೇಗ ಆ ಪುಟ್ಟ ಹಕ್ಕಿಯ ಮೇಲಾಗುತ್ತದೆ. ಶರೀರಕ್ರಿಯಾ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಅವರ ಸಲಹೆ ಇದು. 1980ರ ದಶಕದವರೆಗೂ ಈ ಪದ್ಧತಿ ಉಳಿದಿತ್ತು. ತಂತ್ರಾಂಶ ಕ್ಷೇತ್ರದಲ್ಲಿ ಹೊಸದನ್ನು ಮೊದಲು ಕೆಲವೇ ಗಣಕಗಳಿಗೆ ಕಳಿಸಿ ನೋಡುವುದಕ್ಕೆ 'ಕ್ಯಾನರಿ ಬಿಡುಗಡೆ' ಎಂಬ ಹೆಸರು ಬಂದದ್ದು ಹೀಗೆ.

ಆ 85 ಲಕ್ಷ ಗಣಕಗಳನ್ನೇ ತೆಗೆದುಕೊಳ್ಳಿ. ಮೊದಲು ಸಂಸ್ಥೆಯ ಸ್ವಂತ ಗಣಕಗಳು. ಆಮೇಲೆ ಶೇಕಡಾ 0.1, ಅಂದರೆ 8,500. ಆಮೇಲೆ ಶೇಕಡಾ 1, ಅಂದರೆ 85,000. ಪ್ರತಿ ಹಂತದಲ್ಲೂ ಸ್ವಲ್ಪ ಹೊತ್ತು ಕಾದು, ಎಲ್ಲವೂ ಸರಿಯಿದ್ದರೆ ಮಾತ್ರ ಮುಂದಿನ ಹೆಜ್ಜೆ. ಇಲ್ಲಿ ಮೂರು ಎಚ್ಚರಿಕೆಗಳು ಬೇಕು.

ಮೊದಲನೆಯದು, ಅಗುಳನ್ನು ಪಾತ್ರೆಯ ಮೇಲಿನಿಂದ ಮಾತ್ರ ತೆಗೆದರೆ ಸಾಲದು, ತಳದಲ್ಲಿ ಸೀದಿರಬಹುದು. ಮಾದರಿಯಲ್ಲಿ ಹಳೆಯ ಗಣಕ, ಹೊಸ ಗಣಕ, ನಿಧಾನ ಸಂಪರ್ಕವಿರುವ ಹಳ್ಳಿಯ ಗಣಕ ಎಲ್ಲವೂ ಇರಬೇಕು.

ಎರಡನೆಯದು, ಮೌನವನ್ನು ಸಮ್ಮತಿ ಎಂದು ತಿಳಿಯಬಾರದು. ಕುಸಿದ ಗಣಕ 'ನಾನು ಕುಸಿದೆ' ಎಂದು ವರದಿ ಕಳಿಸಲಾರದು. ದೂರು ಬರಲಿಲ್ಲ ಎಂಬುದು ಆರೋಗ್ಯದ ಲಕ್ಷಣವಲ್ಲ. 'ನಾನು ಚೆನ್ನಾಗಿದ್ದೇನೆ' ಎಂಬ ಸಂಕೇತ ಬಂದರೆ ಮಾತ್ರ ಚೆನ್ನಾಗಿದೆ ಎಂದು ಎಣಿಸಬೇಕು.

ಮೂರನೆಯದು, ಸಂಕೇತ ಬಂದರೆ ನೋಡುವವರು ಬೇಕು. ಇದಕ್ಕೊಂದು ಉದಾಹರಣೆ: 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟು ಸಂಸ್ಥೆಗೆ 45 ನಿಮಿಷಗಳಲ್ಲಿ ಒದಗಿದ ಗತಿ. ಹೊಸ ತಂತ್ರಾಂಶವನ್ನು ಎಂಟು ಸರ್ವರ್‌ಗಳಿಗೆ ಹಾಕಬೇಕಿತ್ತು. ಒಂದು ತಪ್ಪಿಹೋಯಿತು. ಅದರಲ್ಲಿದ್ದ, ವರ್ಷಗಳಿಂದ ಬಳಸದ ಹಳೆಯ ಕಾರ್ಯಕ್ರಮ ಎಚ್ಚೆತ್ತು ತನ್ನಷ್ಟಕ್ಕೆ ತಾನೇ ಷೇರುಗಳನ್ನು ಕೊಳ್ಳತೊಡಗಿತು, ಮಾರತೊಡಗಿತು. ನಷ್ಟ 46 ಕೋಟಿ ಡಾಲರಿಗೂ ಹೆಚ್ಚು. ಮಾರುಕಟ್ಟೆ ತೆರೆಯುವ ಮೊದಲೇ ಆ ವ್ಯವಸ್ಥೆ ದೋಷವನ್ನು ಸೂಚಿಸುವ 97 ಇ-ಮೇಲ್‌ಗಳನ್ನು ಸಿಬ್ಬಂದಿಗೆ ಕಳಿಸಿತ್ತು. ಅವನ್ನು ಎಚ್ಚರಿಕೆಯೆಂದು ಯಾರೂ ಪರಿಗಣಿಸಲಿಲ್ಲ.

ಅವಸರವೂ ನಿಜ, ಅಪಾಯವೂ ನಿಜ

'ದಾಳಿ ನಡೆಯುತ್ತಿರುವಾಗ ಹಂತ ಹಂತವಾಗಿ ಕಾಯುತ್ತ ಕೂರಲಾದೀತೇ?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2003ರ ಜನವರಿ 25ರಂದು ಹರಡಿದ 'ಸ್ಲ್ಯಾಮರ್' ಎಂಬ ಗಣಕ ಹುಳು ಆರಂಭದಲ್ಲಿ ಪ್ರತಿ 8.5 ಸೆಕೆಂಡಿಗೆ ದುಪ್ಪಟ್ಟಾಗುತ್ತಿತ್ತು. ದುರ್ಬಲವಾಗಿದ್ದ ಗಣಕಗಳಲ್ಲಿ ಶೇಕಡಾ 90ರಷ್ಟನ್ನು ಹತ್ತೇ ನಿಮಿಷಗಳಲ್ಲಿ ಆವರಿಸಿತು. ಆದರೆ ಇದರ ಇನ್ನೊಂದು ಮುಖ ನೋಡಿ. ಆ ಹುಳು ಬಳಸಿಕೊಂಡ ದೋಷಕ್ಕೆ ಪರಿಹಾರ 2002ರ ಜುಲೈಯಲ್ಲೇ ಬಿಡುಗಡೆಯಾಗಿತ್ತು. ಅಳವಡಿಸಿಕೊಳ್ಳದೆ ಆರು ತಿಂಗಳು ಕಳೆದಿದ್ದವು. ಹಂತಗಳಿಗೆ ವ್ಯಯಿಸುವ ಒಂದೆರಡು ಗಂಟೆಗಳನ್ನು ಇಂಥ ವಿಳಂಬದ ಜೊತೆ ಹೋಲಿಸಲಾಗದು.

ಎಷ್ಟು ಕಾಯಬೇಕು, ಎಷ್ಟು ಅಪಾಯ ಒಪ್ಪಬೇಕು ಎಂದು ತೂಗಿ ನಿರ್ಧರಿಸುವವರು ಯಾರು? ತಂತ್ರಾಂಶ ಸಂಸ್ಥೆಗಳಲ್ಲಿ ಈ ಹೊಣೆಯ ದೊಡ್ಡ ಪಾಲು ಪ್ರಾಡಕ್ಟ್ ಮ್ಯಾನೇಜರ್, ಅಂದರೆ ಉತ್ಪನ್ನ ನಿರ್ವಾಹಕರ ಮೇಲಿರುತ್ತದೆ. ಈ ಹುದ್ದೆಯ ಮೂಲ ತಂತ್ರಾಂಶದಲ್ಲಲ್ಲ, ಸಾಬೂನಿನಲ್ಲಿದೆ! 1931ರ ಮೇ 13ರಂದು ಪ್ರಾಕ್ಟರ್ ಅಂಡ್ ಗ್ಯಾಂಬಲ್ ಸಂಸ್ಥೆಯ ನೀಲ್ ಮೆಕೆಲ್ರಾಯ್ ಎಂಬ ಯುವಕ ಮೇಲಧಿಕಾರಿಗಳಿಗೆ ಒಂದು ಟಿಪ್ಪಣಿ ಬರೆದರು. ಪ್ರತಿ ಸರಕಿಗೂ ಅದರ ಒಳಿತು ಕೆಡುಕುಗಳನ್ನು ಆದ್ಯಂತ ನೋಡಿಕೊಳ್ಳುವ ಒಬ್ಬರಿರಬೇಕು ಎಂಬುದು ಅದರ ಸಾರ. ಇದೇ ಮೆಕೆಲ್ರಾಯ್ 1957ರಲ್ಲಿ ಅಮೆರಿಕದ ರಕ್ಷಣಾ ಮಂತ್ರಿಯಾದರು.

ಈ ಹೊಣೆಯನ್ನು ಅಂಕಿಗಳಲ್ಲಿ ಹಿಡಿಯುವ ಉಪಾಯವೊಂದಿದೆ. ನಮ್ಮ ಸೇವೆ ಶೇಕಡಾ 99.9ರಷ್ಟು ಕಾಲ ಲಭ್ಯವಿರಬೇಕು ಎಂದು ಗೊತ್ತುಮಾಡಿಕೊಂಡರೆ, 30 ದಿನಗಳಲ್ಲಿ 43.2 ನಿಮಿಷ ಕೆಟ್ಟಿರಲು ಅವಕಾಶ. ಶೇಕಡಾ 99.99 ಎಂದರೆ 4.32 ನಿಮಿಷ ಮಾತ್ರ. ಇದಕ್ಕೆ 'ದೋಷದ ಆಯವ್ಯಯ' ಎನ್ನಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ನಿಮಿಷಗಳು ಉಳಿದಿದ್ದರೆ ಹೊಸ ಪ್ರಯೋಗ ಮಾಡಬಹುದು. ಮುಗಿದಿದ್ದರೆ ಹೊಸದನ್ನು ನಿಲ್ಲಿಸಿ ಹಳೆಯದನ್ನು ಭದ್ರಪಡಿಸಬೇಕು.

ಓದಲು ಯೋಗ್ಯವಾದವು

ಈ ವೃತ್ತಿಗೆ ಬರಬಯಸುವ ವಿದ್ಯಾರ್ಥಿಗಳಿಗೆ, ಬೆಂಗಳೂರಿನಲ್ಲಿ ಈಗಾಗಲೇ ಇದೇ ಕೆಲಸದಲ್ಲಿರುವ ನೂರಾರು ಕನ್ನಡಿಗರಿಗೆ, ಹಣ ಕೊಡದೆ ದೊರೆಯುವ ಉತ್ತಮ ಸಾಮಗ್ರಿ ಸಾಕಷ್ಟಿದೆ. ಕ್ರೌಡ್‌ಸ್ಟ್ರೈಕ್ 2024ರ ಆಗಸ್ಟ್ 6ರಂದು ಪ್ರಕಟಿಸಿದ ಮೂಲಕಾರಣ ವಿಶ್ಲೇಷಣೆಯನ್ನು ಓದಿ. ಎಲ್ಲಿ ಎಡವಿದೆವು, ಏನು ಬದಲಿಸಿದೆವು ಎಂಬುದು ಅದರಲ್ಲಿದೆ. ಹಂತ ಹಂತದ ಬಿಡುಗಡೆ, ಗ್ರಾಹಕರಿಗೆ ಆಯ್ಕೆ ಎರಡೂ ಆಮೇಲೆ ಬಂದವು. ಗೂಗಲ್‌ನ ಎಂಜಿನಿಯರುಗಳು 2016ರಲ್ಲಿ ಹೊರತಂದ 'ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್' ಪುಸ್ತಕವನ್ನು ಅಂತರಜಾಲದಲ್ಲಿ ಉಚಿತವಾಗಿ ಓದಬಹುದು. ದೋಷದ ಆಯವ್ಯಯ, ಯಾರನ್ನೂ ದೂಷಿಸದೆ ತಪ್ಪನ್ನು ಪರಿಶೀಲಿಸುವ ಕ್ರಮ ಮುಂತಾದವು ಅಲ್ಲಿವೆ. ನಮ್ಮ ಸರ್ಕಾರದ ಸರ್ಟ್-ಇನ್ ಸಂಸ್ಥೆ ಹೊರಡಿಸುವ ಎಚ್ಚರಿಕೆಗಳನ್ನೂ ಗಮನಿಸುತ್ತಿರಿ. ಜುಲೈ 19ರಂದೇ ಅದು ಪರಿಹಾರ ಕ್ರಮಗಳನ್ನು ತಿಳಿಸಿತ್ತು.

ಭೌತವಿಜ್ಞಾನದವನಾಗಿ ನಾನು ಇನ್ನೊಂದನ್ನು ಸೇರಿಸುತ್ತೇನೆ. 1986ರಲ್ಲಿ ಏಳು ಜನ ಗಗನಯಾತ್ರಿಗಳನ್ನು ಬಲಿ ತೆಗೆದುಕೊಂಡ ಚಾಲೆಂಜರ್ ದುರಂತದ ತನಿಖಾ ವರದಿಗೆ ರಿಚರ್ಡ್ ಫೈನ್‌ಮನ್ ಬರೆದ ಅನುಬಂಧ. ನೌಕೆ ನಾಶವಾಗುವ ಸಾಧ್ಯತೆ ಲಕ್ಷಕ್ಕೆ ಒಂದು ಎಂದು ಆಡಳಿತದವರು ಹೇಳುತ್ತಿದ್ದರೆ, ಕೆಲಸ ಮಾಡುವ ಎಂಜಿನಿಯರುಗಳ ಅಂದಾಜು ನೂರಕ್ಕೆ ಒಂದರ ಆಸುಪಾಸಿನಲ್ಲಿತ್ತು! ರಬ್ಬರಿನ ಉಂಗುರಗಳು ಹಿಂದಿನ ಹಾರಾಟಗಳಲ್ಲೂ ಸವೆದಿದ್ದವು. ಆದರೂ ನೌಕೆ ಮರಳಿತ್ತಲ್ಲ ಎಂಬುದೇ ಸುರಕ್ಷತೆಗೆ ಸಾಕ್ಷಿಯಾಗಿಬಿಟ್ಟಿತ್ತು. 'ಹಿಂದಿನ ಕಡತಗಳೆಲ್ಲ ಸರಿಯಾಗಿ ಹೋದವು' ಎಂಬ ತರ್ಕವೂ ಇದೇ ಜಾತಿಯದು.

ಆದ್ದರಿಂದ ಹೊಸತೊಂದನ್ನು ಜನರ ಕೈಗೆ ಕೊಡುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದನ್ನು ನಿಜವಾದ ಯಂತ್ರದಲ್ಲಿ ನೋಡಿದ್ದೇವೆಯೇ? ಮೊದಲು ಎಷ್ಟು ಜನರಿಗೆ ತಲುಪುತ್ತದೆ? ಕೆಟ್ಟರೆ ನಮಗೆ ಹೇಗೆ ತಿಳಿಯುತ್ತದೆ? ತಿಳಿದ ಮೇಲೆ ದೂರದಿಂದಲೇ ಹಿಂತೆಗೆದುಕೊಳ್ಳಬಹುದೇ? ನಾಲ್ಕರಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ಬಿಡುಗಡೆಯನ್ನು ಒಂದು ದಿನ ಮುಂದೂಡುವುದು ಲೇಸು. ಗುಂಡಿ ಒತ್ತುವವರಿಗೆ ಅದು ಒಂದು ಕಡತ. ಆದರೆ ಅದರ ಇನ್ನೊಂದು ತುದಿಯಲ್ಲಿ ತುರ್ತು ಕರೆ ಮಾಡುತ್ತಿರುವ ಮನುಷ್ಯನಿರುತ್ತಾನೆ.