ಮಾರ್ಸೇ ಊರಿನ ಕ್ರಿಸ್‌ಮಸ್

ಡಿಸೆಂಬರಿನ ಯುರೋಪ್ ಅಂದರೆ ಬರೀ ಹಿಮ ಅಲ್ಲ. ಮೆಡಿಟರೇನಿಯನ್ ದಡದ ಮಾರ್ಸೇಗೆ ಬನ್ನಿ. ಹಗಲಲ್ಲಿ 12 ಡಿಗ್ರಿ ಆಸುಪಾಸು, ಎಳೆಬಿಸಿಲು. ಆದರೆ ಮಿಸ್ತ್ರಾಲ್ ಗಾಳಿ ಎದ್ದರೆ ಮೂಳೆ ಕೊರೆಯುತ್ತೆ, ಜಾಕೆಟ್ ಮರೀಬೇಡಿ.

ಇಲ್ಲಿ 1803ರಿಂದ ಸಾಂತೋನ್ ಸಂತೆ ನಡೀತಿದೆ. ಸಾಂತೋನ್ ಅಂದರೆ ಬೆರಳುದ್ದದ ಮಣ್ಣಿನ ಬೊಂಬೆಗಳು. ಗೋದಲಿಯಲ್ಲಿ ಬಾಲಯೇಸುವಿನ ಜೊತೆ ಮೀನು ಮಾರುವವಳು, ಕುರಿ ಕಾಯುವವನು, ಬ್ರೆಡ್ ಸುಡುವವನು, ಹೀಗೆ ಇಡೀ ಊರೇ ಹಾಜರ್!

ಡಿಸೆಂಬರ್ 4ಕ್ಕೆ ಮನೆಮನೆಯಲ್ಲಿ ತಟ್ಟೆಗೆ ಗೋಧಿ ಬಿತ್ತುತ್ತಾರೆ, ನಮ್ಮ ನವರಾತ್ರಿ ಘಟದ ಹಾಗೇ. ಪೈರು ನೆಟ್ಟಗೆ ಎದ್ದರೆ ವರ್ಷವೆಲ್ಲ ಸಮೃದ್ಧಿ ಅನ್ನೋ ನಂಬಿಕೆ.

24ರ ರಾತ್ರಿ ಯೇಸು ಮತ್ತು 12 ಶಿಷ್ಯರ ನೆನಪಿಗೆ 13 ಬಗೆ ಸಿಹಿ: ಒಣ ಅಂಜೂರ, ಬಾದಾಮಿ, ಒಣದ್ರಾಕ್ಷಿ, ನೂಗಾ... ಆಲಿವ್ ಎಣ್ಣೆಯ ಬ್ರೆಡ್ಡಿಗೆ ಮಾತ್ರ ಚಾಕು ಮುಟ್ಟಿಸೋ ಹಾಗಿಲ್ಲ, ಕೈಯಲ್ಲೇ ಮುರೀಬೇಕು.

25ಕ್ಕೆ ಅಂಗಡಿಗಳು ಬಹುತೇಕ ಬಂದ್. ತಿನ್ನೋಕೆ ಬೇಕಾದ್ದನ್ನ ಹಿಂದಿನ ದಿನವೇ ತಂದಿಟ್ಟುಕೊಳ್ಳಿ.