ಕೊಟ್ಟಿಗೆಯ ಜೀಪು ಮತ್ತೆ ರಸ್ತೆಗೆ

ಮಲೆನಾಡಿನ ಕಾಫಿ ತೋಟಗಳ ಕೊಟ್ಟಿಗೆಗಳಲ್ಲಿ ಕಟ್ಟಿಗೆಯ ರಾಶಿಗೂ ಕೆಟ್ಟುಹೋದ ಪಂಪ್‌ಸೆಟ್ಟಿಗೂ ನಡುವೆ ತುಕ್ಕು ಹಿಡಿದು ನಿಂತ ಜೀಪನ್ನು ಕಾಣದವರು ವಿರಳ. ರಸ್ತೆಯೆಂಬುದು ಹೆಸರಿಗಷ್ಟೇ ಇದ್ದ ಕಾಲದಲ್ಲಿ ಗರ್ಭಿಣಿಯರನ್ನು ಆಸ್ಪತ್ರೆಗೂ, ಗೊಬ್ಬರದ ಚೀಲಗಳನ್ನು ಗುಡ್ಡದ ನೆತ್ತಿಗೂ ಒಯ್ದ ವಾಹನವದು. ಅಂಥದೊಂದನ್ನು ಕೊಂಡು ಮತ್ತೆ ಓಡುವಂತೆ ಮಾಡಬೇಕೆಂಬ ಹಂಬಲ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗನಿಗೆ ಹತ್ತಿತು. ಮನೆಯಲ್ಲಿದ್ದ ಹಣವಾದರೋ ಕಾಫಿ ಒಣಗಿಸುವ ಕಣದ ದುರಸ್ತಿಗೆಂದು ಕೂಡಿಟ್ಟದ್ದು. “ಕಣ ಇನ್ನೊಂದು ವರ್ಷ ತಡೆದೀತು. ದುಡ್ಡು ಮಾತ್ರ ಗುಜರಿಗೆ ಹೋಗಬಾರದು” ಎಂದು ಹೇಳಿ ನನ್ನ ಮನೆಯಾಕೆ ಒಪ್ಪಿಗೆ ಕೊಟ್ಟಳು.

ಆಕೆ ಹೆದರಿದಂತೆಯೇ ಮೊದಲು ಆಯಿತು. ದಲ್ಲಾಳಿಯೊಬ್ಬನು ತೋರಿಸಿದ ಹಸಿರು ಜೀಪು ಕನ್ನಡಿಯಂತೆ ಹೊಳೆಯುತ್ತಿತ್ತು. “ಯುದ್ಧಕಾಲದ ಅಪ್ಪಟ ವಿಲ್ಲೀಸ್, ನಾಳೆ ಬಂದರೆ ಸಿಗುವುದಿಲ್ಲ” ಎಂದ. ಮುಂಗಡ ಕೊಟ್ಟು ಬಂದೆವು. ಮರುದಿನ ನಮ್ಮೂರಿನ ಹಿರಿಯ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದಾಗ ಅವರು ಇಂಜಿನ್ನಿನ ಕಡೆ ನೋಡಲೇ ಇಲ್ಲ. ಜೇಬಿನಿಂದ ಬಟ್ಟೆ ಸುತ್ತಿದ ಆಯಸ್ಕಾಂತವೊಂದನ್ನು ತೆಗೆದು ಬಾಡಿಯ ಮೇಲೆ ಅಲ್ಲಲ್ಲಿ ಇಟ್ಟರು. ಅದು ಅರ್ಧ ಕಡೆ ಹಿಡಿಯದೆ ಕೆಳಗೆ ಜಾರಿತು. ಅಲ್ಲಿದ್ದುದು ತಗಡಲ್ಲ, ಪುಟ್ಟಿ! ಅನಂತರ ಚಾಸಿಯ ಮೇಲಿನ ಸಂಖ್ಯೆಯನ್ನು ಆರ್.ಸಿ. ಪುಸ್ತಕದೊಡನೆ ತಾಳೆ ನೋಡಿದರೆ ಎರಡು ಅಂಕಿಗಳನ್ನು ಉಜ್ಜಿ ಮತ್ತೆ ಕೊರೆದಂತಿತ್ತು. ಮುಂಗಡ ಹಿಂದಿರುಗಲಿಲ್ಲ. ಉಳಿದದ್ದಾದರೂ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆವು.

ಯುದ್ಧಕಾಲದ ಜೀಪೆಂಬ ಮಾತಿಗೆ ನಾವು ಮರುಳಾದುದಕ್ಕೆ ಕಾರಣ ನಮ್ಮ ಅಜ್ಞಾನವೇ. ಅಮೆರಿಕದ ಸೇನೆಗಾಗಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳೆರಡೂ ಸೇರಿ ಆರು ಲಕ್ಷಕ್ಕೂ ಮೀರಿ ಜೀಪುಗಳನ್ನು ತಯಾರಿಸಿದವು. ಅವುಗಳ ಮುಂಭಾಗದ ಜಾಲರಿಯಲ್ಲಿ ಸಾಮಾನ್ಯವಾಗಿ ಒಂಬತ್ತು ಸೀಳುಗಳಿರುತ್ತವೆ. ಯುದ್ಧಾನಂತರ ಜನಸಾಮಾನ್ಯರಿಗಾಗಿ ಬಂದವುಗಳಲ್ಲಿ ಏಳು. ಸೇನೆಯ ಜೀಪಿನ ಮುಂದಿನ ದೀಪವನ್ನು ಹಿಂದಕ್ಕೆ ಮಗುಚಿದರೆ ರಾತ್ರಿ ದುರಸ್ತಿಗೆ ಇಂಜಿನ್ನಿನ ಮೇಲೆ ಬೆಳಕು ಬೀಳುತ್ತದೆ. ಫೋರ್ಡ್ ತಯಾರಿಸಿದ್ದರಲ್ಲಿ ಬೋಲ್ಟುಗಳ ತಲೆಯ ಮೇಲೂ ‘ಎಫ್’ ಅಕ್ಷರ ಅಚ್ಚಾಗಿರುತ್ತದೆ. ಆ ದಲ್ಲಾಳಿಯ ಜೀಪಿಗಿದ್ದುದು ಏಳೇ ಸೀಳು. ಎಣಿಸಲು ಒಂದು ನಿಮಿಷ ಸಾಕಾಗಿತ್ತು.

ನಮ್ಮ ಕಡೆ ಹೆಚ್ಚಾಗಿ ಸಿಗುವುದು ಮಹೀಂದ್ರ ಕಂಪನಿಯ ಸಿ.ಜೆ. 3ಬಿ. 1945ರಲ್ಲಿ ಸ್ಥಾಪನೆಯಾಗಿ 1948ರಲ್ಲಿ ಈಗಿನ ಹೆಸರನ್ನು ಪಡೆದ ಈ ಕಂಪನಿ ಆ ದಶಕದ ಕೊನೆಯ ಹೊತ್ತಿಗೆ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತ್ತು. 3ಬಿಯ ಬಾನೆಟ್ ಎತ್ತರವಾಗಿರುವುದು ಅಂದಕ್ಕಲ್ಲ. ಒಳಗಿನ 2199 ಸಿ.ಸಿ. ಇಂಜಿನ್ ಹಿಂದಿನದಕ್ಕಿಂತ ಎತ್ತರವಾದುದರಿಂದ. ಅಮೆರಿಕದಲ್ಲಿ ಈ ಮಾದರಿ 1968ರಲ್ಲಿಯೇ ನಿಂತುಹೋದರೂ ನಮ್ಮಲ್ಲಿ ಅದೇ ರೂಪ ದಶಕಗಳ ಕಾಲ ಮುಂದುವರಿಯಿತು. ಆದ್ದರಿಂದ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಲೆದರೆ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಮೊದಲ ಬಾರಿಗೆ ಕೈಹಾಕುವ ಕುಟುಂಬಕ್ಕೆ ಯುದ್ಧಕಾಲದ್ದಕ್ಕಿಂತ ಇದೇ ಲೇಸೆಂದು ನನ್ನ ಅಭಿಪ್ರಾಯ.

ಎರಡನೆಯ ಜೀಪು ದೊರೆತದ್ದು ನೆರೆಯ ತೋಟವೊಂದರಲ್ಲಿ. 1967ರ ನೋಂದಣಿ, ಬಣ್ಣ ಕಂಡು ಎಷ್ಟು ಕಾಲವಾಗಿತ್ತೋ! ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕುಳಿತಿತ್ತು. ಮೆಕ್ಯಾನಿಕ್ ಈ ಬಾರಿ ನೆಲದ ಮೇಲೆ ಮಲಗಿ ಚಾಸಿಯುದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ಹೋದರು. ಗಟ್ಟಿ ಕಬ್ಬಿಣ ಗಂಟೆಯಂತೆ ದನಿಗೊಡುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಪೆಟ್ರೋಲ್ ಟ್ಯಾಂಕ್ ಇರುವುದು ಚಾಲಕನ ಸೀಟಿನ ಕೆಳಗೆ; ಅಲ್ಲಿ ನೀರು ನಿಂತು ತಳ ತೂತಾಗುವುದುಂಟು. ಇಲ್ಲಿಯೂ ಆಗಿತ್ತು. ಗೇರ್ ಬಾಕ್ಸಿನ ಎಣ್ಣೆ ಕಪ್ಪಾಗಿದ್ದರೂ ಹಾಲಿನಂತೆ ಬೆಳ್ಳಗಾಗಿರಲಿಲ್ಲ, ಎಂದರೆ ಹಳ್ಳ ದಾಟುವಾಗ ನೀರು ಒಳಹೊಕ್ಕಿಲ್ಲ. ಸ್ವಿಚ್ಚು ಆರಿಸಿ ಮುಂದಿನಿಂದ ಹ್ಯಾಂಡಲ್ ಹಾಕಿ ಎರಡು ಸುತ್ತು ತಿರುಗಿಸಿದಾಗ ನಾಲ್ಕು ಬಾರಿ ಕೈಗೆ ತಡೆ ಸಿಕ್ಕಿತು. ನಾಲ್ಕೂ ಸಿಲಿಂಡರುಗಳಲ್ಲಿ ಜೀವವಿದೆಯೆಂದು ಅದರ ಅರ್ಥ. (ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹ್ಯಾಂಡಲ್ ಹಿಡಿಯಬೇಕು. ಅದು ಹಿಂದಕ್ಕೆ ಒದ್ದರೆ ಕೈ ಮುರಿದೀತು.) ಎಲ್ಲಕ್ಕಿಂತ ಮಿಗಿಲಾಗಿ, ಅದು ಪೂರ್ಣವಾಗಿತ್ತು. ಪೆಟ್ರೋಲ್ ದುಬಾರಿಯಾದಾಗ ಅನೇಕರು ಇಂಥ ಜೀಪುಗಳಿಗೆ ಡೀಸೆಲ್ ಇಂಜಿನ್ ಕೂರಿಸಿದರು; ಆರ್.ಸಿ.ಯಲ್ಲಿ ಆ ಬದಲಾವಣೆ ದಾಖಲಾಗದಿದ್ದರೆ ತೊಡಕು ಕೊಂಡವನ ತಲೆಗೆ. ಇದರಲ್ಲಿದ್ದುದು ಮೂಲ ಇಂಜಿನ್ನೇ.

ತೋಟದೊಡತಿ ಎಂಬತ್ತು ದಾಟಿದ ಹಿರಿಯರು. ಟ್ರಂಕಿನಿಂದ ಆರ್.ಸಿ. ಪುಸ್ತಕ ತಂದು ಕೈಗಿತ್ತರು. ಅದು ತೀರಿಹೋದ ಅವರ ಯಜಮಾನರ ಹೆಸರಿನಲ್ಲಿಯೇ ಇತ್ತು. ಇದನ್ನು ಕಂಡು ಹಿಂದೆ ಸರಿಯುವವರೂ ಇದ್ದಾರೆ, ಸಹಿ ತಾವೇ ಹಾಕಿಕೊಂಡು ಮುಗಿಸುವವರೂ ಇದ್ದಾರೆ. ಎರಡೂ ತಪ್ಪು. ಮಾಲೀಕರು ಗತಿಸಿದಾಗ ಉತ್ತರಾಧಿಕಾರಿಯ ಹೆಸರಿಗೆ ವರ್ಗಾಯಿಸಲು ನಮೂನೆ 31 ಇದೆ. ಅದಾದ ಮೇಲೆ ಮಾರಾಟಕ್ಕೆ ನಮೂನೆ 29 ಮತ್ತು 30. ಅವಧಿ ಮುಗಿದಿದ್ದ ನೋಂದಣಿಯ ನವೀಕರಣ, ತಡವಾದುದಕ್ಕೆ ದಂಡ, ಹಸಿರು ತೆರಿಗೆ ಎಲ್ಲವೂ ಸೇರಿ ಐದು ತಿಂಗಳಾಯಿತು. ಅಷ್ಟರವರೆಗೂ ಪೂರ್ಣ ಹಣ ಬೇಡವೆಂದು ಆ ತಾಯಿಯೇ ಹೇಳಿದರು. “ನೋಡು ತಮ್ಮಾ, ಕೋಳಿ ಮರಿ ಮಾಡಿ ಏಳಲಿ, ನಿನ್ನ ಕಾಗದವೂ ಆಗಲಿ” ಎಂದರು.

ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮವನ್ನು ತಂದಿತು. ಆಗ ಗೊತ್ತುಪಡಿಸಿದ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ. ಆದರೆ ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ ಮೊದಲಾದವುಗಳಿಗಲ್ಲದೆ ದಿನಬಳಕೆಗೆ ಓಡಿಸುವಂತಿಲ್ಲ. ಸಂತೆಗೂ ತೋಟಕ್ಕೂ ಜೀಪು ಬೇಕಾಗಿದ್ದ ನಾವು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಂಡೆವು.

ಮಗ ವಾರದ ಕೊನೆಗೆ ಬಂದು ಕೆಲಸ ಹಿಡಿದ. ಮೊದಲೇ ಬಣ್ಣ ಹೊಡೆಸುವ ಆತುರ ಅವನದು; ಮೆಕ್ಯಾನಿಕ್ ಬಿಡಲಿಲ್ಲ. ಈ ಜೀಪಿನ ನಾಲ್ಕು ಚಕ್ರಗಳ ಬ್ರೇಕಿಗೂ ಒಂದೇ ಕೊಳವೆಯ ಮಾರ್ಗ. ಒಂದೆಡೆ ಸೋರಿದರೆ ನಾಲ್ಕೂ ಕೈಬಿಡುತ್ತವೆ. ಘಟ್ಟದ ಇಳಿಜಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನಿಗೆ ಬಣ್ಣದಿಂದೇನು ಪ್ರಯೋಜನ? ಬ್ರೇಕಿನ ಕೊಳವೆಗಳು, ಸ್ಟಿಯರಿಂಗಿನ ಕೀಲುಗಳು, ವೈರಿಂಗ್ ಇವೆಲ್ಲ ಹೊಸದಾದ ಮೇಲೆಯೇ ಟ್ಯಾಂಕಿಗೆ ಪೆಟ್ರೋಲ್ ಬಿತ್ತು. ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚು ಕಡಿಮೆ ಇಮ್ಮಡಿ ಖರ್ಚಾಯಿತೆಂಬುದನ್ನೂ ಮುಚ್ಚಿಡಲಾರೆ. ಕಣ ಇನ್ನೂ ಬಿರುಕು ಬಿಟ್ಟುಕೊಂಡೇ ಇದೆ. ಈ ವರ್ಷದ ಕಾಫಿಯನ್ನು ಟಾರ್ಪಾಲಿನ ಮೇಲೆ ಒಣಗಿಸಿದೆವು. ಮನೆಯಾಕೆ ಅದನ್ನು ದಿನಕ್ಕೊಮ್ಮೆಯಾದರೂ ನೆನಪಿಸುತ್ತಾಳೆ.

ಜೀಪನ್ನು ಒಪ್ಪಿಸುವಾಗ ಆ ತಾಯಿ ಕೇಳಿದ್ದು ಒಂದೇ: “ಹಾರ್ನು ಮಾತ್ರ ಬದಲಿಸಬೇಡಿ.” ಬದಲಿಸಲಿಲ್ಲ. ಬಣ್ಣ ಕಾಣದ, ಟಾಪಿಲ್ಲದ ಜೀಪಿನಲ್ಲಿ ಕಳೆದ ತಿಂಗಳು ಅವರ ಗೇಟಿನವರೆಗೆ ಹೋಗಿ ಮಗ ಹಾರ್ನು ಒತ್ತಿದ. ಗಂಟಲು ಕಟ್ಟಿದಂಥ ದನಿ. ಒಳಗಿನಿಂದ ಕೆಲಸದ ಹುಡುಗಿ ಓಡಿಬಂದು ಗೇಟು ತೆಗೆದಳು. ಅವಳ ಹಿಂದೆಯೇ ಕೋಲೂರಿಕೊಂಡು ಅಜ್ಜಿ ಬಂದರು, ಚಪ್ಪಲಿ ಮೆಟ್ಟಿಕೊಂಡೇ.